ಎನ್‌ಎಫ್‌ಟಿಗೆ ದುಡ್ಡು ಹಾಕುವ ಮೊದಲು: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಊಟದ ಪಂಕ್ತಿಯಲ್ಲಿ, ಬದಿಯಡ್ಕದ ಅಡಿಕೆ ಅಂಗಡಿಯಲ್ಲಿ, ಗಲ್ಫಿನಿಂದ ಬರುವ ವಾಯ್ಸ್ ಮೆಸೇಜಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ನಿಮ್ಮ ಪ್ರಶ್ನೆ ಯಾವುದೋ ಅದನ್ನು ಮಾತ್ರ ಓದಿದರೂ ಸಾಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರ ಇಷ್ಟವಾಗಿ ಕೊಳ್ಳುವವರ ಬಗ್ಗೆ ನನ್ನ ತಕರಾರಿಲ್ಲ. ಲಾಭಕ್ಕೆ ಅಂತ ಕೊಳ್ಳುವವರು ಮಾತ್ರ ಎರಡು ವಿಷಯ ಗೊತ್ತಾಗುವ ತನಕ ಜೇಬಿಗೆ ಕೈ ಹಾಕಬೇಡಿ: ಕೈಗೆ ನಿಜವಾಗಿ ಬರುವುದು ಏನು, ನಾಳೆ ಅದನ್ನು ನಿಮ್ಮಿಂದ ಕೊಳ್ಳುವವರು ಯಾರು.

## ಮೊದಲ ಪ್ರಶ್ನೆಗಳು

ಈ ಎನ್‌ಎಫ್‌ಟಿ ಅಂದ್ರೆ ಎಂತದ್ದು ಮಾರಾಯ್ರೆ? ಫೋಟೋನಾ, ನಾಣ್ಯನಾ?

ಎರಡೂ ಅಲ್ಲ. ಅದೊಂದು ದಾಖಲೆ. "ಈ ನಂಬರಿನ ಟೋಕನ್ ಈ ವಾಲೆಟ್‌ಗೆ (ಅಂದರೆ ಡಿಜಿಟಲ್ ಕೈಚೀಲಕ್ಕೆ) ಸೇರಿದ್ದು" ಎಂದು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ ಬರೆದಿರುವ ಒಂದು ಸಾಲು. ಆ ಟೋಕನ್ ಒಂದು ಚಿತ್ರವನ್ನೋ ವಿಡಿಯೋವನ್ನೋ ಹಾಡನ್ನೋ ಬೆರಳು ಮಾಡಿ ತೋರಿಸುತ್ತದೆ, ಅಷ್ಟೆ.

ನಮ್ಮ ದೇವಸ್ಥಾನಗಳಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆದಿರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಬೆಳಕು ಎಲ್ಲರಿಗೂ, ಹೆಸರು ಒಬ್ಬರದ್ದು. ವ್ಯತ್ಯಾಸ ಏನೆಂದರೆ ಇಲ್ಲಿ ಆ ಹೆಸರಿನ ಜಾಗವನ್ನು ಇನ್ನೊಬ್ಬರಿಗೆ ಮಾರಬಹುದು, ಮತ್ತು ಯಾರಿಂದ ಯಾರಿಗೆ ಹೋಯಿತು ಅನ್ನುವುದು ಅಳಿಸಲಾಗದ ಹಾಗೆ ಉಳಿಯುತ್ತದೆ.

ಚಿತ್ರ ಯಾರು ಬೇಕಾದ್ರೂ ಸೇವ್ ಮಾಡ್ಬಹುದಲ್ಲ, ಮತ್ತೆ ದುಡ್ಡು ಕೊಡುವುದು ಯಾಕೆ?

ಹೌದು, ಮಾಡಬಹುದು. ದುಡ್ಡು ಕೊಡುವುದು ಚಿತ್ರ ನೋಡಲಿಕ್ಕಲ್ಲ, "ಇದು ನನ್ನದು" ಎಂದು ಹೇಳಿಕೊಳ್ಳಲಿಕ್ಕೆ. ಕೆಲವರಿಗೆ ಅದು ಕಲಾವಿದರಿಗೆ ಕೊಡುವ ಬೆಂಬಲ, ಕೆಲವರಿಗೆ ಸಂಗ್ರಹದ ಚಟ, ಕೆಲವರಿಗೆ ಪ್ರತಿಷ್ಠೆ. ಜಾಸ್ತಿ ಜನರಿಗೆ, ನಿಜ ಹೇಳಬೇಕೆಂದರೆ, ಇನ್ನೊಬ್ಬರು ಹೆಚ್ಚು ಕೊಟ್ಟು ಕೊಳ್ಳುತ್ತಾರೆ ಎಂಬ ಆಸೆ.

ಇದೂ ಬಿಟ್‌ಕಾಯಿನೂ ಒಂದೇ ಅಲ್ವಾ?

ಅಲ್ಲ. ಒಂದು ಬಿಟ್‌ಕಾಯಿನ್ ಬದಲು ಇನ್ನೊಂದು ಕೊಟ್ಟರೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎನ್‌ಎಫ್‌ಟಿ ಹಾಗಲ್ಲ, ಪ್ರತಿಯೊಂದಕ್ಕೂ ಬೇರೆ ನಂಬರ್, ಬೇರೆ ಬೆಲೆ. ಹಾಗಾಗಿಯೇ ಮಾರುವುದೂ ಕಷ್ಟ. ಬಿಟ್‌ಕಾಯಿನ್‌ಗೆ ಯಾವ ಹೊತ್ತಿಗೂ ಒಂದು ರೇಟ್ ಇರುತ್ತದೆ. ನಿಮ್ಮ ಎನ್‌ಎಫ್‌ಟಿಗೆ ಅದೇ ಬೇಕು ಅನ್ನುವ ಒಬ್ಬ ಮನುಷ್ಯ ಸಿಗಬೇಕು.

ಇತಿಹಾಸ ಚಿಕ್ಕದು. 2014ರಲ್ಲಿ ಕೆವಿನ್ ಮೆಕಾಯ್ ಎಂಬ ಕಲಾವಿದರು ಮಾಡಿದ 'ಕ್ವಾಂಟಮ್' ಮೊದಲನೆಯದು ಅನ್ನುತ್ತಾರೆ. 2017ರ ಜೂನ್‌ನಲ್ಲಿ ಕ್ರಿಪ್ಟೋಪಂಕ್ಸ್ ಬಂತು, 10,000 ಪುಟ್ಟ ಮುಖಗಳು, ಆಗ ಅವು ಫ್ರೀ. ವರ್ಗಾವಣೆಯ ಖರ್ಚು ಮಾತ್ರ ಕೊಟ್ಟರೆ ಸಾಕಿತ್ತು. ಅದೇ ವರ್ಷದ ಕೊನೆಗೆ ಕ್ರಿಪ್ಟೋಕಿಟ್ಟೀಸ್ ಎಂಬ ಬೆಕ್ಕುಗಳ ಆಟ ಎಥೀರಿಯಂ ಎಂಬ ಇಡೀ ಬ್ಲಾಕ್‌ಚೈನ್ ಜಾಲವನ್ನೇ ಜಾಮ್ ಮಾಡಿತು.

69 ಮಿಲಿಯನ್ ಡಾಲರಿಗೆ ಒಂದು ಚಿತ್ರ ಹೋಯ್ತಂತೆ, ಸತ್ಯವಾ ಸುಮ್ನೆಯಾ?

ಸತ್ಯ. 2021ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಬೀಪಲ್ ಎಂಬ ಅಮೆರಿಕದ ಕಲಾವಿದರ ಕೃತಿ 69.3 ಮಿಲಿಯನ್ ಡಾಲರಿಗೆ ಹೋಯಿತು. ದಿನಕ್ಕೊಂದರಂತೆ ಮಾಡಿದ 5,000 ಚಿತ್ರಗಳನ್ನು ಜೋಡಿಸಿದ ಕೃತಿ ಅದು. ಕೊಂಡವರು ತಮಿಳುನಾಡಿನಲ್ಲಿ ಬೆಳೆದು ಸಿಂಗಾಪುರದಲ್ಲಿ ನೆಲೆಸಿದ ವಿಘ್ನೇಶ್ ಸುಂದರೇಶನ್. "ನಮ್ಮ ಪಕ್ಕದ ರಾಜ್ಯದವರೇ ಮಾಡಿದ್ದಾರೆ" ಎಂದು ಈ ಕತೆಯನ್ನು ಹೇಳುವವರು ಇನ್ನೊಂದು ಭಾಗವನ್ನು ಹೇಳುವುದಿಲ್ಲ. ಅದಕ್ಕೂ ಮೊದಲೇ ಅವರ ಫಂಡ್ ಬೀಪಲ್‌ನ 20 ಕೃತಿಗಳನ್ನು ಕೊಂಡು, ಅವುಗಳನ್ನು ಸಣ್ಣ ಟೋಕನ್‌ಗಳಾಗಿ ಹಂಚಿ ಮಾರಾಟಕ್ಕೆ ಬಿಟ್ಟಿತ್ತು. ದೊಡ್ಡ ಹರಾಜಿನ ಸುದ್ದಿಯ ಹೊತ್ತಿಗೆ ಆ ಟೋಕನ್ನಿನ ಬೆಲೆ ಏರಿತು, ಕೆಲವು ತಿಂಗಳಲ್ಲಿ ನೆಲಕ್ಕೆ ಬಿತ್ತು. ದಾಖಲೆ ಬೆಲೆಯ ಸುದ್ದಿ ಓದಿದಾಗಲೆಲ್ಲ ಕೊಂಡವರ ಹತ್ತಿರ ಅದೇ ಜಾತಿಯ ಬೇರೆ ಸರಕು ಎಷ್ಟಿದೆ ಅಂತ ನೋಡುವುದು ಒಳ್ಳೆಯದು.

ಈಗ ಆ ಮಾರುಕಟ್ಟೆ ಉಂಟಾ, ಸತ್ತೇ ಹೋಯ್ತಾ?

ಸತ್ತಿಲ್ಲ, ತುಂಬಾ ಸಣ್ಣದಾಗಿದೆ. ಟ್ವಿಟರ್ ಸ್ಥಾಪಕ ಜಾಕ್ ಡಾರ್ಸಿಯ ಮೊದಲ ಟ್ವೀಟ್‌ನ ಎನ್‌ಎಫ್‌ಟಿ 2021ರಲ್ಲಿ 29 ಲಕ್ಷ ಡಾಲರಿಗೆ ಹೋಗಿತ್ತು. ಕೊಂಡವರು ಮರುವರ್ಷ ಏಪ್ರಿಲ್‌ನಲ್ಲಿ 4.8 ಕೋಟಿ ಡಾಲರ್ ಕೇಳಿ ಹರಾಜಿಗಿಟ್ಟರು. ಮುಗಿಯುವಾಗ ಬಂದಿದ್ದ ಅತಿ ದೊಡ್ಡ ಬಿಡ್ಡು ಸುಮಾರು 280 ಡಾಲರ್. ಗಾಯಕ ಜಸ್ಟಿನ್ ಬೀಬರ್ 2022ರ ಜನವರಿಯಲ್ಲಿ 'ಬೋರ್ಡ್ ಏಪ್' ಎಂಬ ಸಂಗ್ರಹದ ಒಂದು ಕೋತಿ ಚಿತ್ರಕ್ಕೆ 500 ಈಥರ್ (ಎಥೀರಿಯಂ ಜಾಲದ ನಾಣ್ಯ), ಅಂದರೆ ಸುಮಾರು 13 ಲಕ್ಷ ಡಾಲರ್ ಕೊಟ್ಟಿದ್ದರು. ಮರುವರ್ಷದ ಮಧ್ಯದಲ್ಲಿ ಅದಕ್ಕೆ ಬರುತ್ತಿದ್ದ ಕೊಡುಗೆ 60,000 ಡಾಲರಿನ ಆಸುಪಾಸು.

ಇವು ಹೆಸರು ಮಾಡಿದವುಗಳ ಗತಿ. ಹೆಸರಿಲ್ಲದವುಗಳದ್ದು ಇನ್ನೂ ಕಷ್ಟ. 2023ರ ಸೆಪ್ಟೆಂಬರ್‌ನಲ್ಲಿ ಡ್ಯಾಪ್‌ಗ್ಯಾಂಬಲ್ ಎಂಬ ಸಂಸ್ಥೆ 73,257 ಸಂಗ್ರಹಗಳನ್ನು ನೋಡಿ, 69,795ರ ಮಾರುಕಟ್ಟೆ ಮೌಲ್ಯ ಸೊನ್ನೆ ಎಂದಿತು. ವಿಡಿಯೋ ಗೇಮ್ ಮಾರುವ ಅಮೆರಿಕದ ಗೇಮ್‌ಸ್ಟಾಪ್ ಕಂಪನಿ 2024ರಲ್ಲಿ ತನ್ನ ಎನ್‌ಎಫ್‌ಟಿ ಮಾರುಕಟ್ಟೆ ಮುಚ್ಚಿತು, ಕ್ರಿಪ್ಟೊ ಕೊಂಡು ಮಾರುವ ಎಕ್ಸ್‌ಚೇಂಜ್ ಕ್ರಾಕನ್ 2025ರಲ್ಲಿ ಮುಚ್ಚಿತು. ಮಾರಲಿಕ್ಕೆ ಸಂತೆಯೇ ಕಡಿಮೆಯಾಗುತ್ತಿದೆ.

## ಕೊಳ್ಳುವ ಯೋಚನೆ ಇರುವವರಿಗೆ

ಹಾಗಾದ್ರೆ ಇದು ಹೂಡಿಕೆಯಾ, ಜೂಜಾ? ಒಂದೇ ಮಾತಿನಲ್ಲಿ ಹೇಳಿ.

ಒಂದೇ ಮಾತಿನಲ್ಲಿ: ಸಟ್ಟಾ. ಬಡ್ಡಿ ಇಲ್ಲ, ಬಾಡಿಗೆ ಇಲ್ಲ, ಡಿವಿಡೆಂಡ್ ಇಲ್ಲ. ಹಣ ವಾಪಸ್ ಬರುವ ದಾರಿ ಒಂದೇ, ಮುಂದಿನವರು ನಿಮಗಿಂತ ಹೆಚ್ಚು ಕೊಡಬೇಕು. ಹಾಗಂತ ಕೊಂಡವರೆಲ್ಲ ಮೂರ್ಖರು ಅಂತ ನಾನು ಹೇಳುವುದಿಲ್ಲ. ಸಂಗ್ರಹಕ್ಕೆ ಅದರದ್ದೇ ಸುಖ ಇದೆ, ಹಳೆ ಸ್ಟಾಂಪು ಕೂಡಿಡುವವರನ್ನು ಯಾರೂ ಬಯ್ಯುವುದಿಲ್ಲ. ಆದರೆ ಮಗಳ ಫೀಸಿಗೆ ಇಟ್ಟ ಹಣ, ಗೊಬ್ಬರಕ್ಕೆ ತೆಗೆದ ಸಾಲ, ಸೊಸೈಟಿಯಲ್ಲಿರುವ ಡಿಪಾಸಿಟ್ಟು, ಇವುಗಳಿಗೆ ಇಲ್ಲಿ ಕೆಲಸವಿಲ್ಲ. ಖರ್ಚಾಗಿ ಹೋಯಿತು ಅಂತ ಇವತ್ತೇ ಬರೆದಿಟ್ಟರೂ ನಿದ್ದೆ ಬರುವಷ್ಟು ಮಾತ್ರ.

ಹತ್ತು ಸಾವಿರ ಉಂಟು. ಯಾವುದು ತೆಗೊಳ್ಳಲಿ?

ಹೆಸರು ಹೇಳುವುದಿಲ್ಲ. ಹೇಳಿದವರನ್ನು ನಂಬಲೂಬೇಡಿ, ಅವರ ಹತ್ತಿರ ಅದೇ ಸರಕು ಮಾರಲಿಕ್ಕೆ ಕೂತಿರುವ ಸಾಧ್ಯತೆ ದೊಡ್ಡದು. ಹೇಗೆ ಅಂತ ಬೇಕಾದರೆ ಹೇಳುತ್ತೇನೆ. ಮೊದಲು ರೂಪಾಯಿ ಕೊಟ್ಟು ಈಥರ್ ಅಥವಾ ಬೇರೆ ಕ್ರಿಪ್ಟೊ ಕೊಳ್ಳಬೇಕು, ಆಮೇಲೆ ಅದನ್ನು ನಿಮ್ಮ ವಾಲೆಟ್‌ಗೆ ಕಳಿಸಬೇಕು, ಆಮೇಲೆ ಖರೀದಿ. ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಜಾಲ ಬಿಜಿ ಇದ್ದಾಗ ಎಥೀರಿಯಂನ ಗ್ಯಾಸ್ ಫೀ, ಅಂದರೆ ವ್ಯವಹಾರ ನಡೆಸಿಕೊಡಲು ಜಾಲ ತೆಗೆದುಕೊಳ್ಳುವ ಶುಲ್ಕ, ಸರಕಿನ ಬೆಲೆಯನ್ನೇ ಮೀರಬಹುದು. 2022ರ ಏಪ್ರಿಲ್‌ನಲ್ಲಿ ಬೋರ್ಡ್ ಏಪ್ ಕಂಪನಿ 'ಅದರ್‌ಸೈಡ್' ಎಂಬ ಆಟದ ಜಾಗ ಮಾರಿದ ರಾತ್ರಿ ಗ್ಯಾಸಿಗೇ ಸಾವಿರಾರು ಡಾಲರ್ ಸುರಿದವರಿದ್ದಾರೆ. ಹತ್ತು ಸಾವಿರದವರು ಪಾಲಿಗಾನ್, ಟೆಜೋಸ್ ಥರದ ಅಗ್ಗದ ಜಾಲ ನೋಡುವುದು ವಾಸಿ. ಅಲ್ಲಿ ಕೆಲವು ನೂರು ರೂಪಾಯಿಗೂ ನಿಜವಾದ ಕಲಾವಿದರ ಒಳ್ಳೆಯ ಕೆಲಸ ಸಿಗುತ್ತದೆ. ಲಾಭ ಸಿಗುತ್ತದೆ ಅಂತ ಹೇಳಲಿಲ್ಲ.

ಹತ್ತು ಸಾವಿರದಲ್ಲಿ ಒಂಬತ್ತೇ ಇರುವುದಂತೆ. ಅಷ್ಟು ಅಪರೂಪದ್ದು ಏರಲೇಬೇಕಲ್ಲ?

ಏರಬೇಕು ಅಂತ ಕಾನೂನಿಲ್ಲ. ಕ್ರಿಪ್ಟೋಪಂಕ್ಸ್‌ನಲ್ಲಿ ಅನ್ಯಗ್ರಹದವರ ಮುಖ ಇರುವುದು 9 ಮಾತ್ರ, ಅದರಲ್ಲಿ ಒಂದು 2022ರ ಫೆಬ್ರವರಿಯಲ್ಲಿ 8,000 ಈಥರ್‌ಗೆ ಹೋದದ್ದೂ ನಿಜ. ಆದರೆ ಆ ಸಂಗ್ರಹವೇ ಬೇಕು ಅನ್ನುವವರು ಸಾವಿರಾರು ಜನ ಇದ್ದಾಗ ಮಾತ್ರ 9 ಎಂಬ ಸಂಖ್ಯೆಗೆ ಬೆಲೆ. ಯಾರಿಗೂ ಬೇಡದ ಸಂಗ್ರಹದಲ್ಲಿ ಒಂದೇ ಒಂದು ಇದ್ದರೂ ಬೇಡದ್ದೇ. ಮತ್ತೊಂದು, ಇಲ್ಲಿ ಅಪರೂಪ ಅನ್ನುವುದನ್ನು ಮಾರುವವರೇ ಕೂತು ತೀರ್ಮಾನಿಸಿರುತ್ತಾರೆ. ಟೋಪಿಗೆ ಚಿನ್ನದ ಬಣ್ಣ ಶೇ 1ಕ್ಕೆ ಮಾತ್ರ ಅಂತ ಕಂಪ್ಯೂಟರಿಗೆ ಹೇಳಿದರೆ ಆಯಿತು.

ನಾನು ಕೊಂಡ ಚಿತ್ರ ಎಲ್ಲಿರ್ತದೆ? ಆ ಸೈಟ್ ಮುಚ್ಚಿದ್ರೆ?

ಎಲ್ಲರೂ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ತುಂಬಾ ಜನ ದುಡ್ಡು ಕೊಟ್ಟ ಮೇಲೆ ಕೇಳುತ್ತಾರೆ.

ಬ್ಲಾಕ್‌ಚೈನ್‌ನಲ್ಲಿ ಜಾಗ ದುಬಾರಿ. ಹಾಗಾಗಿ ಟೋಕನ್ ಮಾತ್ರ ಅಲ್ಲಿರುತ್ತದೆ, ಚಿತ್ರ ಸಾಮಾನ್ಯವಾಗಿ ಬೇರೆ ಕಡೆ. ಟೋಕನ್ನಿನಲ್ಲಿ ಒಂದು ವಿಳಾಸ ಇರುತ್ತದೆ, ಆ ವಿಳಾಸದಲ್ಲಿ ಚಿತ್ರದ ವಿವರ ಇರುತ್ತದೆ. ಅದು ಯಾರದ್ದೋ ಕಂಪನಿಯ ಸರ್ವರ್ ಆಗಿದ್ದರೆ, ಕಂಪನಿ ಬಿಲ್ ಕಟ್ಟುವಷ್ಟು ದಿನ ನಿಮ್ಮ ಚಿತ್ರ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ದಿವಾಳಿಯಾದಾಗ, ಅದರ ಸರ್ವರಿನಲ್ಲಿದ್ದ ಕೋಚೆಲ್ಲಾ ಸಂಗೀತ ಉತ್ಸವದ ಎನ್‌ಎಫ್‌ಟಿಗಳ ಚಿತ್ರ ಕಾಣಿಸುವುದೇ ನಿಂತಿತು. ಟೋಕನ್ ಇತ್ತು, ಅದು ತೋರಿಸುತ್ತಿದ್ದ ಜಾಗದಲ್ಲಿ ದಿವಾಳಿಯ ಸೂಚನೆ ಇತ್ತು.

2025ರ ಏಪ್ರಿಲ್‌ನಲ್ಲಿ ಇದಕ್ಕಿಂತ ವಿಚಿತ್ರದ್ದು ಆಯಿತು. ನೈಕಿ ಕಂಪನಿ ಕೊಂಡಿದ್ದ ಆರ್‌ಟಿಎಫ್‌ಕೆಟಿ ಎಂಬ ಸಂಸ್ಥೆಯ 'ಕ್ಲೋನ್ ಎಕ್ಸ್' ಮುಖಗಳ ಸಂಗ್ರಹ ಒಂದು ಕಾಲದಲ್ಲಿ ಲಕ್ಷಗಟ್ಟಲೆ ರೂಪಾಯಿ ಬಾಳುತ್ತಿತ್ತು. ಒಂದು ದಿನ ಮಾಲೀಕರು ತೆರೆದು ನೋಡಿದರೆ ಮುಖ ಇಲ್ಲ. ಕಪ್ಪು ಚೌಕದಲ್ಲಿ ಬಿಳಿ ಅಕ್ಷರದ ಒಂದು ನೋಟಿಸು: ಈ ವಿಷಯವನ್ನು ತಡೆಹಿಡಿಯಲಾಗಿದೆ, ಕ್ಲೌಡ್‌ಫ್ಲೇರ್‌ನ (ಚಿತ್ರಗಳನ್ನು ನೆಟ್ಟಿನಲ್ಲಿ ಒದಗಿಸುತ್ತಿದ್ದ ಕಂಪನಿ) ಬೇಸಿಕ್ ಸೇವೆಯನ್ನು ಹೀಗೆ ಬಳಸುವುದು ನಿಯಮಕ್ಕೆ ವಿರುದ್ಧ. ಆಮೇಲೆ ಚಿತ್ರ ವಾಪಸ್ ಬಂತು, ಆ ಮಾತು ಬೇರೆ.

ಉಲ್ಟಾ ಉದಾಹರಣೆಯೂ ಇದೆ. ಟೆಜೋಸ್ ಜಾಲದ 'ಹಿಕ್ ಎಟ್ ನುಂಕ್' ಎಂಬ ಮಾರುಕಟ್ಟೆಯನ್ನು ಸ್ಥಾಪಕರು 2021ರ ನವೆಂಬರ್‌ನಲ್ಲಿ ದಿಢೀರ್ ಮುಚ್ಚಿದರು. ಚಿತ್ರಗಳು ಐಪಿಎಫ್‌ಎಸ್ ಎಂಬ ಹಂಚಿಕೆಯ ಜಾಲದಲ್ಲಿದ್ದ ಕಾರಣ ಕಲಾವಿದರೇ ಬೇರೆ ಬಾಗಿಲು ತೆರೆದು ಮುಂದುವರಿಸಿದರು. ಐಪಿಎಫ್‌ಎಸ್‌ನಲ್ಲೂ ಯಾರಾದರೂ ಒಬ್ಬರು ಪ್ರತಿ ಇಟ್ಟುಕೊಂಡಿರಬೇಕು, ತಾನಾಗಿಯೇ ಶಾಶ್ವತ ಅಲ್ಲ.

ನೀವೇ ಪರೀಕ್ಷೆ ಮಾಡಬಹುದು, ಐದು ನಿಮಿಷದ ಕೆಲಸ. ಎಥೀರಿಯಂನ ದಾಖಲೆ ತೋರಿಸುವ ಈಥರ್‌ಸ್ಕ್ಯಾನ್ ಸೈಟಿನಲ್ಲಿ ಆ ಸಂಗ್ರಹದ ಕಾಂಟ್ರಾಕ್ಟ್ (ಟೋಕನ್‌ಗಳನ್ನು ನಡೆಸುವ ಪ್ರೋಗ್ರಾಂ) ತೆರೆಯಿರಿ, 'ರೀಡ್ ಕಾಂಟ್ರಾಕ್ಟ್' ಒತ್ತಿ, 'ಟೋಕನ್ ಯುಆರ್‌ಐ' ಎಂಬಲ್ಲಿ ನಂಬರ್ ಹಾಕಿ. ಬರುವ ಉತ್ತರ ಎಚ್‌ಟಿಟಿಪಿಎಸ್ ಅಂತ ಶುರುವಾಗಿ ಕಂಪನಿಯ ಹೆಸರಿದ್ದರೆ ಬಾಡಿಗೆ ಮನೆ ಅಂತ ತಿಳಿಯಿರಿ. ಐಪಿಎಫ್‌ಎಸ್ ಅಥವಾ ಅದೇ ಥರದ ಇನ್ನೊಂದು ಹಂಚಿಕೆಯ ಜಾಲ ಆರ್‌ವೀವ್ ಇದ್ದರೆ ಪರವಾಗಿಲ್ಲ. 'ಡೇಟಾ' ಅಂತ ಶುರುವಾದರೆ ವಿವರ ಬ್ಲಾಕ್‌ಚೈನ್‌ನಲ್ಲೇ ಇದೆ. ಆದರೂ ಆ ವಿವರದೊಳಗೆ ಚಿತ್ರದ ಜಾಗದಲ್ಲಿ ಮತ್ತೆ ಹೊರಗಿನ ವಿಳಾಸ ಕೊಟ್ಟಿದ್ದಾರಾ ಅಂತ ನೋಡಿ.

ಕೊಂಡ ಮೇಲೆ ಆ ಚಿತ್ರವನ್ನು ಟೀ ಶರ್ಟಿಗೆ ಹಾಕಿ ಮಾರಬಹುದಾ?

ಸಾಮಾನ್ಯವಾಗಿ ಇಲ್ಲ. ಟೋಕನ್ ಕೊಂಡರೆ ಕಾಪಿರೈಟ್ ಬರುವುದಿಲ್ಲ, ಅದು ಕಲಾವಿದರ ಹತ್ತಿರವೇ ಉಳಿಯುತ್ತದೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕನ್ನು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಬೋರ್ಡ್ ಏಪ್ ಥರದ ಕೆಲವು ಸಂಗ್ರಹಗಳು ಮಾಲೀಕರಿಗೆ ವ್ಯಾಪಾರದ ಪರವಾನಗಿ ಕೊಡುತ್ತವೆ. ಆ ಶರತ್ತುಗಳ ಪುಟವನ್ನು ಓದಿ, ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಪುಟವೇ ಇಲ್ಲದಿದ್ದರೆ ಮನೆಯಲ್ಲಿ ನೋಡಿ ಖುಷಿಪಡುವ ಹಕ್ಕು ಮಾತ್ರ ಅಂತ ಲೆಕ್ಕ.

## ಮೋಸದ ಪ್ರಶ್ನೆಗಳು

ಟೆಲಿಗ್ರಾಂನಲ್ಲಿ ಒಂದು ಗ್ರೂಪ್ ಉಂಟು, ಎನ್‌ಎಫ್‌ಟಿ ಕೊಂಡ್ರೆ ದಿನಕ್ಕೆ ಶೇ 2 ಕೊಡ್ತಾರೆ. ಭಾವ ಆರು ತಿಂಗಳಿಂದ ತೆಗೊಳ್ತಿದ್ದಾನೆ.

ಭಾವನಿಗೆ ಬರುತ್ತಿರುವುದು ನಿಮ್ಮಂಥವರು ಹಾಕುವ ಹಣ. ಇದು ಎನ್‌ಎಫ್‌ಟಿಯೇ ಅಲ್ಲ, ಹಳೆಯ ಚೈನ್ ಸ್ಕೀಮಿಗೆ ಹೊಸ ಅಂಗಿ. ಎನ್‌ಎಫ್‌ಟಿ ತಾನಾಗಿಯೇ ದಿನಕ್ಕೆ ಒಂದು ಪೈಸೆಯನ್ನೂ ದುಡಿಯುವುದಿಲ್ಲ. ದಿನಕ್ಕೆ ಶೇ 2 ಚಕ್ರಬಡ್ಡಿಯಲ್ಲಿ ಒಂದು ಲಕ್ಷ ಹಾಕಿದರೆ ವರ್ಷದಲ್ಲಿ ಹತ್ತು ಕೋಟಿ ದಾಟುತ್ತದೆ, ಕ್ಯಾಲ್ಕುಲೇಟರ್ ತೆಗೆದು ನೋಡಿ. ನಮ್ಮ ಕಡೆ ಇಂಥವು ಹಬ್ಬುವುದು ಮನೆತನದ ನಂಬಿಕೆಯ ಮೇಲೆ, ಒಬ್ಬ ಮಾಸ್ತರು ಸೇರಿದರೆ ಊರೇ ಸೇರುತ್ತದೆ. ಹಣ ಹೋಗಿದ್ದರೆ ನಾಚಿಕೆ ಬಿಟ್ಟು ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ಬ್ಯಾಂಕಿನಲ್ಲಿ ಹಣ ತಡೆಯುವ ಅವಕಾಶ ಹೆಚ್ಚು. ಪರವಾನಗಿ ಇಲ್ಲದೆ ಠೇವಣಿ ಎತ್ತುವುದನ್ನು ನಿಷೇಧಿಸುವ ಕಾಯ್ದೆ 2019ರಿಂದ ಇದೆ. ಹೊಸಬರನ್ನು ಸೇರಿಸಿ ಕಮಿಷನ್ ತೆಗೆದುಕೊಂಡ ಭಾವನ ಮೇಲೂ ಕೇಸ್ ಆಗಬಹುದು, ಇದನ್ನು ಅವನಿಗೂ ಹೇಳಿ.

ನಾನು ಕೊಳ್ಳದ ಎನ್‌ಎಫ್‌ಟಿ ಒಂದು ವಾಲೆಟ್‌ಗೆ ಬಂದು ಕೂತಿದೆ. ಮಾರಿದ್ರೆ ಒಳ್ಳೆ ರೇಟ್ ತೋರಿಸ್ತದೆ!

ಮುಟ್ಟಬೇಡಿ. ಗಾಳ ಅದು. ಮಾರಲು ಹೋದರೆ ಒಂದು ಸೈಟಿಗೆ ಕರೆದೊಯ್ದು ಸಹಿ ಕೇಳುತ್ತದೆ. 'ಸೆಟ್ ಅಪ್ರೂವಲ್ ಫಾರ್ ಆಲ್' ಎಂಬ ಮಾತು ಕಂಡರೆ, ಒಂದು ಸಂಗ್ರಹದಲ್ಲಿ ನಿಮ್ಮ ಹತ್ತಿರ ಇರುವುದನ್ನೆಲ್ಲ ಸಾಗಿಸಲು ಅನುಮತಿ ಕೊಡುತ್ತಿದ್ದೀರಿ ಅಂತ ಅರ್ಥ. 2022ರ ಫೆಬ್ರವರಿಯಲ್ಲಿ ಓಪನ್‌ಸೀ ಎಂಬ ಎನ್‌ಎಫ್‌ಟಿ ಮಾರುಕಟ್ಟೆ ಬಳಸುವ ಹಲವರು ಹೀಗೆ ಗೊತ್ತಿಲ್ಲದೆ ಸಹಿ ಹಾಕಿ ಕಳೆದುಕೊಂಡ ಸರಕಿನ ಬೆಲೆ ಸುಮಾರು 17 ಲಕ್ಷ ಡಾಲರ್. ಬಂದು ಕೂತದ್ದನ್ನು ಮರೆಮಾಡಿ, ಸುಮ್ಮನಿರಿ. ಮತ್ತೆ ವಾಲೆಟ್‌ನ ಕೀಲಿಕೈ ಆಗಿರುವ 12 ಅಥವಾ 24 ಪದಗಳ ಸೀಡ್ ಫ್ರೇಸ್, ಅದನ್ನು ಕಸ್ಟಮರ್ ಕೇರ್ ಕೇಳಿದರೂ ಕೊಡಬೇಡಿ. ನಿಜವಾದ ಕಸ್ಟಮರ್ ಕೇರ್ ಕೇಳುವುದೇ ಇಲ್ಲ.

ಒಂದೇ ವಾರದಲ್ಲಿ ಹತ್ತು ಸಲ ಕೈ ಬದಲಾಗಿದೆ. ಡಿಮಾಂಡ್ ಉಂಟು ಅಂತಲ್ವಾ?

ಒಂದೇ ಮನುಷ್ಯನ ಎಡಗೈಯಿಂದ ಬಲಗೈಗೆ ಹೋಗಿರಬಹುದು. ವಾಲೆಟ್ ತೆರೆಯಲು ಯಾರೂ ಆಧಾರ್ ಕೇಳುವುದಿಲ್ಲ, ಒಬ್ಬರೇ ನೂರು ಮಾಡಿಕೊಳ್ಳಬಹುದು. 2021ರ ಅಕ್ಟೋಬರ್‌ನಲ್ಲಿ 9998 ನಂಬರಿನ ಕ್ರಿಪ್ಟೋಪಂಕ್ 53.2 ಕೋಟಿ ಡಾಲರಿಗೆ ಮಾರಾಟವಾಯಿತು ಎಂದು ದಾಖಲೆಯಾಯಿತು. ನೋಡಿದರೆ ಮಾಲೀಕರೇ ಕ್ಷಣಕಾಲದ ಸಾಲ ಎತ್ತಿ, ತನಗೆ ತಾನೇ ಮಾರಿ, ಅದೇ ವ್ಯವಹಾರದೊಳಗೆ ಸಾಲ ತೀರಿಸಿದ್ದರು. ಕೊಂಡ ವಾಲೆಟ್‌ಗಳಿಗೆ ಹಣ ಎಲ್ಲಿಂದ ಬಂತು ಅಂತ ಹಿಂದೆ ಹಿಂದೆ ಹೋಗಿ ನೋಡಿ. ಎಲ್ಲವೂ ಒಂದೇ ಮೂಲಕ್ಕೆ ಹೋಗಿ ನಿಂತರೆ ಆ ಬೆಲೆ ನಾಟಕ.

ಚಿತ್ರ ಮಾರಿ ಓಡಿಹೋದವರನ್ನು ಹಿಡಿಯಲಿಕ್ಕೇ ಆಗುವುದಿಲ್ವಾ?

ಆಗುತ್ತದೆ, ಕೆಲವು ಸಲ. 2022ರ ಜನವರಿಯಲ್ಲಿ 'ಫ್ರಾಸ್ಟೀಸ್' ಎಂಬ ಐಸ್‌ಕ್ರೀಮ್ ಮುಖಗಳನ್ನು ಮಾರಿ ಸುಮಾರು 11 ಲಕ್ಷ ಡಾಲರಿನೊಂದಿಗೆ ಮಾಯವಾದ ಇಬ್ಬರನ್ನು ಮಾರ್ಚ್‌ನಲ್ಲಿ ಅಮೆರಿಕದ ಪೊಲೀಸರು ಹಿಡಿದರು. ಅವರು ಅಲ್ಲಿಯವರಾಗಿದ್ದರು. ನಿಮ್ಮ ಹಣ ತಿಂದವರು ಯಾವ ದೇಶದಲ್ಲಿದ್ದಾರೋ ಗೊತ್ತಿಲ್ಲದಿದ್ದರೆ ಕುಂಬಳೆ ಠಾಣೆಯವರು ಏನು ಮಾಡಲಿ ಪಾಪ.

## ಕಾನೂನು, ತೆರಿಗೆ

ನಮ್ಮಲ್ಲಿ ಇದು ಕಾನೂನುಬದ್ಧವಾ? ಪೊಲೀಸರು ಹಿಡಿದುಕೊಂಡು ಹೋಗ್ತಾರಾ?

ಕೊಳ್ಳುವುದು ಅಪರಾಧ ಅಲ್ಲ. 2018ರಲ್ಲಿ ಬ್ಯಾಂಕುಗಳು ಕ್ರಿಪ್ಟೊ ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು, 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. 2022ರಲ್ಲಿ ತೆರಿಗೆ ಬಂತು, 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ಬಂದವು. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕ್ರಿಪ್ಟೊ ಒಂದು ಆಸ್ತಿ ಎಂದು ಹೇಳಿತು. ಅದು 2024ರ ಜುಲೈಯಲ್ಲಿ ಹ್ಯಾಕ್ ಆದ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನ ಗ್ರಾಹಕರೊಬ್ಬರ ಕೇಸು. ಅಪರಾಧ ಅಲ್ಲ ಅಂದ ಮಾತ್ರಕ್ಕೆ ರಕ್ಷಣೆ ಇದೆ ಅಂತಲ್ಲ. 2022ರ ಏಪ್ರಿಲ್‌ನಿಂದ ಜಾಹೀರಾತುಗಳಲ್ಲಿ ಒಂದು ಎಚ್ಚರಿಕೆ ಹಾಕಬೇಕೆಂಬ ನಿಯಮ ಇದೆ: ಎನ್‌ಎಫ್‌ಟಿಗಳಿಗೆ ನಿಯಂತ್ರಣ ಇಲ್ಲ, ನಷ್ಟವಾದರೆ ಪರಿಹಾರದ ದಾರಿ ಇಲ್ಲದಿರಬಹುದು ಅಂತ. ಅದನ್ನು ಅಕ್ಷರಶಃ ತೆಗೆದುಕೊಳ್ಳಿ.

ತೆರಿಗೆ ಎಷ್ಟು? ನಂಗೆ ಅಡಿಕೆ ಆದಾಯ ಮಾತ್ರ ಇರುವುದು, ರಿಟರ್ನ್ ಹಾಕುವ ಅಭ್ಯಾಸವೇ ಇಲ್ಲ.

ಅಡಿಕೆ ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಅದಕ್ಕಿಲ್ಲ. ಎನ್‌ಎಫ್‌ಟಿ ಲಾಭಕ್ಕೆ ಇದೆ, ನಿಮ್ಮ ಒಟ್ಟು ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೂ ಇದೆ. ಲಾಭದ ಶೇ 30, ಅದರ ಮೇಲೆ ಶೇ 4 ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಆ ತೆರಿಗೆಯ ಮುಂಗಡವಾಗಿ ಮಾರಾಟದ ಮೊತ್ತದಲ್ಲಿ ಶೇ 1 ಟಿಡಿಎಸ್ ಹಿಡಿಯುವ ನಿಯಮ 2022ರ ಜುಲೈಯಿಂದ ಇದೆ, ಸಣ್ಣ ಮೊತ್ತಕ್ಕೆ ವಿನಾಯಿತಿ ಬಿಟ್ಟರೆ.

ಒಂದು ಲೆಕ್ಕ ಮಾಡೋಣ. 10,000ಕ್ಕೆ ಕೊಂಡಿರಿ, 11,000ಕ್ಕೆ ಮಾರಿದಿರಿ. ಮಾರುಕಟ್ಟೆಯ ಕಮಿಷನ್ ಶೇ 2.5 ಅಂತಿಟ್ಟುಕೊಂಡರೆ 275, ಕಲಾವಿದರ ರಾಯಲ್ಟಿ ಶೇ 5 ಆದರೆ 550. ಕೈಗೆ ಬಂದದ್ದು 10,175. ತೆರಿಗೆಯ ಕಣ್ಣಿಗೆ ನಿಮ್ಮ ಲಾಭ 175 ಅಲ್ಲ, 1,000. ಅದಕ್ಕೆ ಸೆಸ್ ಸೇರಿ 312. ಉಳಿದದ್ದು 9,863. ಬೆಲೆ ಶೇ 10 ಏರಿದರೂ 137 ರೂಪಾಯಿ ನಷ್ಟ, ಗ್ಯಾಸ್ ಫೀ ಇನ್ನೂ ಸೇರಿಸಿಲ್ಲ.

ಇನ್ನೊಂದು ಗುಂಡಿ. ಈಥರ್ ಕೊಟ್ಟು ಎನ್‌ಎಫ್‌ಟಿ ಕೊಳ್ಳುವಾಗ ಆ ಈಥರನ್ನು ನೀವು ಮಾರಿದ ಹಾಗೆ ಲೆಕ್ಕ. ಕಡಿಮೆಗೆ ಕೊಂಡಿದ್ದ ಈಥರ್ ಏರಿದ್ದರೆ, ಎನ್‌ಎಫ್‌ಟಿಯಲ್ಲಿ ಒಂದು ರೂಪಾಯಿ ಕಾಣುವ ಮೊದಲೇ ತೆರಿಗೆ ಬಂದಿರುತ್ತದೆ. ಪ್ರತಿ ವ್ಯವಹಾರದ ತಾರೀಕು ಮತ್ತು ಅವತ್ತಿನ ರೂಪಾಯಿ ಬೆಲೆ ಒಂದು ಪುಸ್ತಕದಲ್ಲಿ ಬರೆದಿಡಿ, ವರ್ಷದ ಕೊನೆಗೆ ಹುಡುಕಲಿಕ್ಕೆ ಸಾಧ್ಯವೇ ಇಲ್ಲ.

ಒಂದರಲ್ಲಿ ಹೋಯ್ತು, ಇನ್ನೊಂದರಲ್ಲಿ ಬಂತು. ವಜಾ ಮಾಡ್ಬಹುದಲ್ಲ?

ಇಲ್ಲ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ನಷ್ಟ ಪೂರ್ತಿ ನಿಮ್ಮದು, ಲಾಭದಲ್ಲಿ ಸರಕಾರಕ್ಕೂ ಪಾಲು. ಅನ್ಯಾಯ ಅಂತ ನನಗೂ ಅನಿಸುತ್ತದೆ.

ಅಣ್ಣ ದುಬೈಯಲ್ಲಿದ್ದಾನೆ. ಅವನ ಹೆಸರಲ್ಲಿ ಮಾಡಿ, ಹಣ ನನ್ನ ಅಕೌಂಟಿಗೆ ಹಾಕಿಸಿಕೊಂಡ್ರೆ?

ಅಣ್ಣ ತನ್ನ ದುಡ್ಡಿನಲ್ಲಿ, ತಾನೇ ಅಲ್ಲಿ ಕೊಂಡು ಮಾರಿದರೆ ಅದು ಅವನ ವ್ಯವಹಾರ. ನಿಮ್ಮ ದುಡ್ಡಿಗೆ ಅವನ ಹೆಸರು ಹಾಕುವುದು ಬೇರೆ, ಅದು ತೆರಿಗೆ ತಪ್ಪಿಸಿದ ಹಾಗೆಯೇ. ಅವನು ನಿಜವಾಗಿಯೇ ಉಡುಗೊರೆ ಕೊಟ್ಟರೆ ಅಣ್ಣ ತಮ್ಮಂದಿರ ನಡುವೆ ತೆರಿಗೆ ಇಲ್ಲ, ನೀವು ಮಾರುವಾಗ ಇದೆ.

ನನಗೆ ಇದಕ್ಕಿಂತ ಹೆದರಿಕೆ ಆಗುವುದು ಹಣ ಬರುವ ದಾರಿಯ ಬಗ್ಗೆ. ಗಲ್ಫಿನಲ್ಲಿ ಕ್ರಿಪ್ಟೊ ಕೊಟ್ಟು, ಇಲ್ಲಿ ಗುರುತಿಲ್ಲದ ಯಾರೋ ನಿಮ್ಮ ಅಕೌಂಟಿಗೆ ರೂಪಾಯಿ ಹಾಕುವ ವ್ಯವಸ್ಥೆ ಇದೆಯಲ್ಲ, ಆ ರೂಪಾಯಿ ಎಲ್ಲೋ ಸೈಬರ್ ಮೋಸದಲ್ಲಿ ಹೋದವರದ್ದಾಗಿದ್ದರೆ ನಿಮ್ಮ ಅಕೌಂಟು ಫ್ರೀಜ್ ಆಗುತ್ತದೆ. ದೂರು ರಾಜಸ್ಥಾನದ್ದೋ ಗುಜರಾತಿನದ್ದೋ ಆಗಿರುತ್ತದೆ. ಬಿಡಿಸಿಕೊಳ್ಳಲು ಅಲ್ಲಿಯ ಠಾಣೆಗೆ ಹಿಂದಿಯಲ್ಲಿ ಪತ್ರ ಬರೆಯಬೇಕು, ಇಲ್ಲಿ ಪೆನ್ಶನ್, ಗ್ಯಾಸ್ ಸಬ್ಸಿಡಿ ಎಲ್ಲ ನಿಂತಿರುತ್ತದೆ. ಕೇರಳದಲ್ಲಿ ಇದು ಎಷ್ಟೋ ಜನರಿಗೆ ಆಗಿದೆ. ಹಣವನ್ನು ನೋಂದಾಯಿತ ಎಕ್ಸ್‌ಚೇಂಜಿನ ಮೂಲಕವೇ ತನ್ನಿ.

## ಸ್ವಲ್ಪ ಮುಂದೆ ಹೋದವರಿಗೆ

ನಾನು ಯಕ್ಷಗಾನದ ಫೋಟೋ ತೆಗೆಯುತ್ತೇನೆ, ಚಿತ್ರವೂ ಬಿಡಿಸುತ್ತೇನೆ. ಎನ್‌ಎಫ್‌ಟಿ ಮಾಡಿ ಮಾರಬಹುದಾ?

ಮಾಡಬಹುದು, ಮತ್ತು ಕೊಳ್ಳುವುದಕ್ಕಿಂತ ಇದು ನನಗೆ ಹೆಚ್ಚು ಒಪ್ಪಿಗೆಯ ಕೆಲಸ. ಕಳೆದುಕೊಳ್ಳುವುದು ಸ್ವಲ್ಪ ಸಮಯ, ಅಗ್ಗದ ಜಾಲದಲ್ಲಿ ಮಿಂಟ್ ಮಾಡಿದರೆ (ಅಂದರೆ ಹೊಸ ಟೋಕನ್ ಹುಟ್ಟಿಸಿದರೆ) ಕೆಲವು ರೂಪಾಯಿ. ಪಾರ್ತಿಸುಬ್ಬನ ಕುಂಬಳೆಯಿಂದ ಬಂದ ತೆಂಕುತಿಟ್ಟಿನ ವೇಷಗಳು ಹೊರಗಿನವರಿಗೆ ಹೊಸದು. ಚೌಕಿಯಲ್ಲಿ ಬಣ್ಣದ ವೇಷದವರು ಕೂತು ಅಕ್ಕಿ ಹಿಟ್ಟಿನ ಚುಟ್ಟಿಯನ್ನು ಒಂದೊಂದೇ ಮುಳ್ಳಾಗಿ ಇಡುವ ಹೊತ್ತು ಇದೆಯಲ್ಲ, ಹಂತ ಹಂತವಾಗಿ ತೆಗೆದರೆ ಒಳ್ಳೆಯ ಸರಣಿ ಆಗುತ್ತದೆ.

ಆದರೆ ಕೇಳಿ ಮಾಡಿ. ಫೋಟೋದ ಕಾಪಿರೈಟ್ ನಿಮ್ಮದಿರಬಹುದು, ಮುಖ ಅವರದ್ದು. ಪ್ರದರ್ಶನದ ಧ್ವನಿ, ವಿಡಿಯೋ ದಾಖಲೆಯ ಮೇಲೆ ಕಲಾವಿದರಿಗೆ ನಮ್ಮ ಕಾಯ್ದೆಯಲ್ಲೇ 50 ವರ್ಷಗಳ ಹಕ್ಕಿದೆ. ಕ್ರಿಕೆಟ್ ಆಟಗಾರರ ಎನ್‌ಎಫ್‌ಟಿ ಕಾರ್ಡಿನ ಜಗಳ, ರಾರಿಯೋ ಕಂಪನಿಯದ್ದು, ದೆಹಲಿ ಹೈಕೋರ್ಟಿಗೆ ಹೋಗಿತ್ತು. 2023ರ ಏಪ್ರಿಲ್‌ನಲ್ಲಿ ಕೋರ್ಟು ಎದುರಾಳಿ ಆಟಕ್ಕೆ ತಡೆ ಕೊಡಲಿಲ್ಲ, ಎಲ್ಲರಿಗೂ ಗೊತ್ತಿರುವ ಮಾಹಿತಿ, ಆಟಗಾರರ ಹೆಸರು, ರೇಖಾಚಿತ್ರ ಬಳಸಬಹುದು ಎಂಬ ಅರ್ಥದಲ್ಲಿ ಹೇಳಿತು. ಅದನ್ನು ಹಿಡಿದುಕೊಂಡು ಹಿರಿಯ ವೇಷಧಾರಿಯ ಮುಂದೆ ವಾದ ಮಾಡುವುದು ಬೇಡ. ಒಂದು ಹಾಳೆಯಲ್ಲಿ ಒಪ್ಪಿಗೆ, ಮಾರಿದರೆ ಎಷ್ಟು ಪಾಲು ಅಂತ ಬರೆದುಕೊಳ್ಳಿ. ಭೂತಕೋಲ, ತೆಯ್ಯಂ ಆದರೆ ಇನ್ನೂ ನಾಜೂಕು, ತರವಾಡಿನವರು ಬೇಡ ಅಂದರೆ ಅಲ್ಲಿಗೇ ಬಿಡಿ.

ರಾಯಲ್ಟಿಯ ಮೇಲೆ ಜಾಸ್ತಿ ಆಸೆ ಇಡಬೇಡಿ. "ಪ್ರತಿ ಸಲ ಮಾರಾಟವಾದಾಗಲೂ ಕಲಾವಿದರಿಗೆ ಪಾಲು" ಅನ್ನುವುದು ಒಂದು ಕಾಲದ ದೊಡ್ಡ ಭರವಸೆ. ಅದನ್ನು ಕೊಡುವುದು ಬಿಡುವುದು ಮಾರುಕಟ್ಟೆಯ ಇಷ್ಟ, ಓಪನ್‌ಸೀ 2023ರಲ್ಲಿ ಅದನ್ನು ಐಚ್ಛಿಕ ಮಾಡಿತು. ಕಳ್ಳತನವೂ ಇದೆ. ಫ್ರೀಯಾಗಿ ಮಿಂಟ್ ಮಾಡುವ ತನ್ನ ಸೌಲಭ್ಯದಲ್ಲಿ ಹುಟ್ಟಿದವುಗಳಲ್ಲಿ ಶೇ 80ಕ್ಕಿಂತ ಹೆಚ್ಚು ಕದ್ದವು, ನಕಲಿ ಅಥವಾ ಕಸ ಎಂದು ಅದೇ ಕಂಪನಿ 2022ರ ಜನವರಿಯಲ್ಲಿ ಒಪ್ಪಿಕೊಂಡಿತ್ತು. ನಿಮ್ಮ ಫೋಟೋವನ್ನು ಬೇರೆಯವರು ಮೊದಲೇ ಹಾಕಿದ್ದಾರಾ ಅಂತ ಒಮ್ಮೆ ಹುಡುಕಿ.

ಇದಕ್ಕೆ ಕರೆಂಟು ತುಂಬ ಬೇಕಂತೆ, ಪರಿಸರಕ್ಕೆ ಹಾಳಂತೆ?

ಹಳೆ ಮಾತು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಮೈನಿಂಗ್ ಬಿಟ್ಟು ಬೇರೆ ವಿಧಾನಕ್ಕೆ ಹೋಯಿತು, ವಿದ್ಯುತ್ ಬಳಕೆ ಶೇ 99ಕ್ಕಿಂತ ಜಾಸ್ತಿ ಇಳಿಯಿತು. ಬೈಯಲಿಕ್ಕೆ ಬೇರೆ ಕಾರಣಗಳು ಸಾಕಷ್ಟಿವೆ.

ಆಸ್ತಿ ಪತ್ರವನ್ನೇ ಎನ್‌ಎಫ್‌ಟಿ ಮಾಡಿ ಮಾರ್ತಾರಂತೆ, ಅದಕ್ಕೂ ಶೇ 30 ತೆರಿಗೆಯಾ?

2022ರ ಜೂನ್ 30ರ ಒಂದು ಅಧಿಸೂಚನೆ ಇದೆ. ಟೋಕನ್ ವರ್ಗಾವಣೆಯಾದರೆ ಅದರ ಹಿಂದಿರುವ ಕೈಗೆ ಸಿಗುವ ವಸ್ತುವಿನ ಒಡೆತನವೂ ಕಾನೂನು ಪ್ರಕಾರ ವರ್ಗಾವಣೆಯಾಗುವುದಿದ್ದರೆ, ಅದು ಈ ಶೇ 30ರ ಲೆಕ್ಕಕ್ಕೆ ಬರುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಮಂಜೇಶ್ವರದಲ್ಲಿ ಹತ್ತು ಸೆಂಟ್ ಜಾಗ ಕೈ ಬದಲಾಗಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು, ಸ್ಟಾಂಪ್ ಡ್ಯೂಟಿ ಕಟ್ಟಬೇಕು, ವಿಲೇಜ್ ಆಫೀಸಿನಲ್ಲಿ ಹೆಸರು ಬದಲಾಗಬೇಕು. ಟೋಕನ್ ತೋರಿಸಿ ಜಾಗ ಮಾರುತ್ತೇನೆ ಅನ್ನುವವರಿಂದ ದೂರ ಇರಿ.

ನಂಗೇನಾದ್ರೂ ಆದ್ರೆ ಮನೆಯವರಿಗೆ ಸಿಗ್ತದಾ? ನಾಮಿನಿ ಹಾಕುವ ಜಾಗವೇ ಕಾಣುವುದಿಲ್ಲ.

ವಾಲೆಟ್‌ಗೆ ನಾಮಿನಿ ಇಲ್ಲವೇ ಇಲ್ಲ. ಎಕ್ಸ್‌ಚೇಂಜಿನಲ್ಲಿ ಇಟ್ಟ ಹಣಕ್ಕಾದರೆ ತಾಲೂಕು ಕಚೇರಿಯ ವಾರಸುದಾರರ ಸರ್ಟಿಫಿಕೇಟ್ ಹಿಡಿದು ಅರ್ಜಿ ಹಾಕಬಹುದು. ನಿಮ್ಮದೇ ವಾಲೆಟ್ ಆದರೆ ಯಾವ ಸರ್ಟಿಫಿಕೇಟೂ ನಡೆಯುವುದಿಲ್ಲ, ಸೀಡ್ ಫ್ರೇಸಿನ ಆ 12 ಅಥವಾ 24 ಪದ ಬೇಕು. ಪದ ಗೊತ್ತಿಲ್ಲದಿದ್ದರೆ ಹೋಯಿತು, ಗೊತ್ತಿರುವವರು ಯಾರೇ ಆದರೂ ಅವರದ್ದಾಯಿತು. ಹಾಗಾಗಿ ಪದಗಳನ್ನು ಉಯಿಲಿನಲ್ಲಿ ಬರೆಯಬೇಡಿ, ಅದನ್ನು ತುಂಬಾ ಜನ ಓದುತ್ತಾರೆ. ಪದಗಳು ಎಲ್ಲಿವೆ ಅಂತ ಮಾತ್ರ ಬರೆಯಿರಿ.

ಎಲ್ಲಿಡುವುದು ಅನ್ನುವುದೂ ಒಂದು ಪ್ರಶ್ನೆ. ಫೋನಿನಲ್ಲಿ ಫೋಟೋ ತೆಗೆದಿಡಬೇಡಿ, ವಾಟ್ಸಪ್ಪಿನಲ್ಲಿ ಹೆಂಡತಿಗೆ ಕಳಿಸಲೂಬೇಡಿ. ಕಾಗದದಲ್ಲಿ ಶಾಯಿ ಪೆನ್ನಿನಿಂದ ಬರೆದು ಮರದ ಕಪಾಟಿನಲ್ಲಿ ಇಟ್ಟರೆ ನಮ್ಮ ಆಟಿ ತಿಂಗಳ ಮಳೆಗೆ ಬೂಷ್ಟು ಹಿಡಿದು ಎರಡು ಪದ ಅಳಿಸಿಹೋಗಬಹುದು, ಎರಡು ಹೋದರೂ ಮನೆಯವರಿಗೆ ವಾಲೆಟ್ ತೆರೆಯುವುದು ದೊಡ್ಡ ತಲೆನೋವು. ಪೆನ್ಸಿಲಿನಲ್ಲಿ ಬರೆದು ಬಿಗಿಯಾದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಂಕ್ ಲಾಕರಿನಲ್ಲಿಡಿ. ಅದಕ್ಕಿಂತ ಒಳ್ಳೆಯದು ಸ್ಟೀಲ್ ತಗಡಿನ ಮೇಲೆ ನೀವೇ ಕೊರೆಯುವುದು. ಪಾತ್ರೆಗೆ ಹೆಸರು ಕೊರೆಯುವವರ ಹತ್ತಿರ ಕೊರೆಸಬೇಡಿ, ಅವರು ಓದುತ್ತಾರೆ.